ಬೆಟ್ಟಪ್ಪ ಆನೆಯ ನೆನಪಿನ ಉಗ್ರಾಣ

ಮಕ್ಕಳೇ, ಮನೆಯಲ್ಲಿ ತೆಗೆದ ಫೋಟೋಗಳನ್ನೆಲ್ಲ ಈಗ ಯಾವುದೋ ದೊಡ್ಡ ಕಂಪನಿಯವರು ಎಲ್ಲೋ ದೂರದಲ್ಲಿ ಕಾಪಾಡಿ ಇಡುತ್ತಾರಂತೆ. "ಅದಕ್ಕೆ ಕ್ಲೌಡ್ ಅಂತಾರೆ ಅಜ್ಜಿ" ಎಂದು ನನ್ನ ಮೊಮ್ಮಗಳು ಹೇಳಿದಳು. ಹೀಗೆ ದೊಡ್ಡವರ ಹತ್ತಿರ ಇಟ್ಟು ನಿಶ್ಚಿಂತೆಯಾಗಿದ್ದ ಅಳಿಲೊಂದರ ಕತೆ ನನಗೆ ಗೊತ್ತು. ಹೇಳುತ್ತೇನೆ, ಕೇಳಿ.

ತುಂಬೆಹೊಳೆಯ ದಡದ ಕಾಡಿನಲ್ಲಿ ಒಂದು ಹಿಪ್ಪೆಮರವಿತ್ತು. ಅದರ ಕೊಂಬೆಯ ಮೇಲೆ ಚಿಟಕ ಎಂಬ ಅಳಿಲು ತನ್ನ ಹೆಂಡತಿ ಗೆಜ್ಜಿ ಮತ್ತು ಮರಿಗಳ ಜೊತೆ ವಾಸವಾಗಿತ್ತು. ಅದೇ ಮರದ ಬೇರುಗಳ ನಡುವೆ ಕಂಟಮ್ಮ ಎಂಬ ಮುಳ್ಳುಹಂದಿಯ ಬಿಲ.

ಬೇಸಗೆ ಬಂತೆಂದರೆ ಚಿಟಕನಿಗೆ ಬಿಡುವಿಲ್ಲದ ಕೆಲಸ. ಹುಣಸೆಬೀಜ, ಹಿಪ್ಪೆಬೀಜ, ತಾರೆಕಾಯಿ, ಸಿಕ್ಕಿದ್ದನ್ನೆಲ್ಲ ತಂದು ಮಳೆಗಾಲಕ್ಕೆಂದು ಕಾಡಿನ ತುಂಬ ಹೂತಿಡುತ್ತಿತ್ತು. ಹೂತ ಜಾಗದ ಮೇಲೆ ಗುರುತಿಗೆ ಒಂದು ಬಿಳಿ ಕಲ್ಲು. ದಿನಾ ಬೆಳಿಗ್ಗೆ ಎಲ್ಲ ಜಾಗಗಳನ್ನೂ ಒಮ್ಮೆ ಸುತ್ತಿ ಬರುವುದು, "ಮತ್ತಿಮರದ ಬುಡ, ಹುತ್ತದ ಹಿಂದೆ, ಕರಿಬಂಡೆಯ ಎಡಕ್ಕೆ" ಎಂದು ಬಾಯಿಪಾಠ ಹೇಳಿಕೊಳ್ಳುವುದು ಅದರ ಅಭ್ಯಾಸ. ಅಭ್ಯಾಸ ಅಂದೆನಲ್ಲ, ಅದು ಚಿಟಕನಿಗೆ ಒಂದು ಚೂರೂ ಇಷ್ಟವಿರಲಿಲ್ಲ. ಒಳಗೊಳಗೇ ಅದು ಬಲು ಸೋಮಾರಿ.

ಆ ಕಾಡಿನಲ್ಲಿ ಎಲ್ಲರಿಗಿಂತ ದೊಡ್ಡವನು ಬೆಟ್ಟಪ್ಪ ಆನೆ. ಕಾಡಿನ ದಾರಿಗಳನ್ನೆಲ್ಲ ತುಳಿದು ಮಾಡಿದ್ದು ಅದೇ. ಒಣಗಿದ ಹಳ್ಳದಲ್ಲಿ ನೀರಿನ ಗುಂಡಿ ತೋಡಿದ್ದೂ ಅದೇ. ಒಂದು ದಿನ ಬೆಟ್ಟಪ್ಪ ಎಲ್ಲರನ್ನೂ ಆಲದ ಮರದ ಕೆಳಗೆ ಕರೆಯಿತು.

"ಇಷ್ಟು ದಿನ ನಿಮಗೆ ದಾರಿ ಮಾಡಿಕೊಟ್ಟೆ, ನೀರು ತೋರಿಸಿದೆ. ಇನ್ನು ಮೇಲೆ ನೆನಪನ್ನೂ ಇಟ್ಟುಕೊಡುತ್ತೇನೆ. ನನ್ನ ತಲೆ ಎಷ್ಟು ದೊಡ್ಡದು ನೋಡಿ. ಒಂದು ಸಲ ಕೇಳಿದ್ದನ್ನು ಮರೆತವನೇ ಅಲ್ಲ. ಎಲ್ಲಿ ಏನು ಹೂತಿದ್ದೀರಿ ಎಂದು ನನ್ನ ಕಿವಿಯಲ್ಲಿ ಹೇಳಿ. ಬೇಕಾದಾಗ ಬಂದು ಕೇಳಿ" ಎಂದಿತು.

"ಅದಕ್ಕೆ ಪ್ರತಿಯಾಗಿ ನಾವೇನು ಕೊಡಬೇಕು, ಬೆಟ್ಟಪ್ಪಜ್ಜ?" ಎಂದು ಮೊಲ ಕೇಳಿತು.

"ಏನೂ ಬೇಡ. ಆಗಾಗ ನನ್ನ ಮರದ ಹತ್ತಿರ ಬಂದು ಹೋಗುತ್ತಿರಿ. ನಾಲ್ಕು ಜನ ಬಂದರೆ ನನಗೂ ಸಂತೋಷ."

ಪ್ರಾಣಿಗಳು ಸಾಲುಗಟ್ಟಿ ನಿಂತವು. ಚಿಟಕ ಎಲ್ಲರನ್ನೂ ದಾಟಿ ಮುಂದೆ ಹೋಗಿ, ಸೊಂಡಿಲ ಮೇಲೆ ಹತ್ತಿ, ಆನೆಯ ಕಿವಿಯಲ್ಲಿ ತನ್ನ ಬಾಯಿಪಾಠವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿತು. ಬೆಟ್ಟಪ್ಪ ಅದನ್ನು ಒಂದು ಅಕ್ಷರ ತಪ್ಪದಂತೆ ತಿರುಗಿ ಹೇಳಿತು.

"ಇನ್ನೊಂದು ಮಾತು ಹೇಳುವುದಿದೆ" ಎಂದು ಆನೆ ಬಾಯಿ ತೆರೆಯುವಷ್ಟರಲ್ಲಿ ಚಿಟಕ ಓಟ ಕಿತ್ತಾಗಿತ್ತು. ಆ ಮಾತನ್ನು ನಿಂತು ಕೇಳಿದ್ದು ಹಿಂದೆ ಇದ್ದ ಕಂಟಮ್ಮ.

"ಮಳೆಗಾಲದಲ್ಲಿ ನಾನು ಬಿದಿರು ಮೇಯಲು ಹೊಳೆಯಾಚೆ ಹೋಗುತ್ತೇನೆ. ಏನಾದರೂ ಬೇಕಾದರೆ ದಡಕ್ಕೆ ಬಂದು ಕೂಗು, ಹೊಳೆ ದಾಟಿ ಬರುತ್ತೇನೆ" ಎಂದಿತು ಬೆಟ್ಟಪ್ಪ.

"ಆಗಲಿ ಅಜ್ಜ" ಎಂದ ಕಂಟಮ್ಮ ತನ್ನ ಗೆಡ್ಡೆಗೆಣಸಿನ ಜಾಗಗಳನ್ನು ಹೇಳಿ ಮನೆಗೆ ಬಂತು.

ಮರುದಿನ ಬಿಸಿಲು ಏರಿದರೂ ಚಿಟಕ ಏಳಲಿಲ್ಲ.

"ಸುತ್ತಿ ಬರುವುದಿಲ್ಲವೇ?" ಎಂದಿತು ಗೆಜ್ಜಿ.

"ನನ್ನ ಬದಲು ಆನೆ ನೆನಪಿಟ್ಟುಕೊಂಡಿದೆಯಲ್ಲ. ಇನ್ನು ನನ್ನ ತಲೆಗೆ ರಜೆ" ಎಂದು ಚಿಟಕ ಮಗ್ಗುಲು ಬದಲಿಸಿತು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಸಂಜೆ ಅದಕ್ಕೆ ಇನ್ನೊಂದು ಯೋಚನೆ ಹೊಳೆಯಿತು. ಗುರುತಿನ ಕಲ್ಲುಗಳನ್ನು ಕಂಡು ಮಂಗಗಳು ಬೀಜ ಕದ್ದರೆ? ಹೇಗೂ ಆನೆಗೆ ಗೊತ್ತಿದೆ, ಕಲ್ಲುಗಳೇಕೆ? ಹೋಗಿ ಒಂದೊಂದನ್ನೇ ಉರುಳಿಸಿ ಹೊಳೆಗೆ ಹಾಕಿತು.

ಹಿಂತಿರುಗುವಾಗ ಕಂಟಮ್ಮ ಎದುರಾಯಿತು. ತನ್ನ ಗೆಡ್ಡೆಯ ಜಾಗಗಳನ್ನು ನೋಡಿಕೊಂಡು ಬರಲು ಹೊರಟಿತ್ತು.

"ಏನು ಕಂಟಮ್ಮಕ್ಕ, ಆನೆಗೆ ಹೇಳಿದ ಮೇಲೂ ಈ ತಿರುಗಾಟವೇ?" ಎಂದು ಚಿಟಕ ನಕ್ಕಿತು.

"ಆನೆಗೂ ಹೇಳಿದ್ದೇನೆ, ನನ್ನ ತಲೆಯಲ್ಲೂ ಇಟ್ಟುಕೊಂಡಿದ್ದೇನಪ್ಪ. ಎರಡು ಕಡೆ ಇದ್ದರೆ ಭಾರವೇನಲ್ಲ" ಎಂದು ಕಂಟಮ್ಮ ಮುಂದೆ ನಡೆಯಿತು.

ಮಳೆಗಾಲ ಬರುವಷ್ಟರಲ್ಲಿ ಚಿಟಕನಿಗೆ ಆ ಬಾಯಿಪಾಠ ಪೂರ್ತಿ ಮರೆತೇ ಹೋಗಿತ್ತು. ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗೂಡಿನಲ್ಲಿದ್ದ ಕಾಳು ಮುಗಿಯಿತು. ಮರಿಗಳು ಚಿಂವ್ ಚಿಂವ್ ಎಂದು ಅಳತೊಡಗಿದವು.

"ಇದೋ ಬಂದೆ" ಎಂದು ಚಿಟಕ ಆಲದ ಮರಕ್ಕೆ ಓಡಿತು. ಮರದ ಕೆಳಗೆ ಯಾರೂ ಇಲ್ಲ. ಅಲ್ಲಿ ನೆನೆಯುತ್ತ ಕೂತಿದ್ದ ಮೊಲ, "ಬೆಟ್ಟಪ್ಪಜ್ಜ ಹೊಳೆಯಾಚೆ ಹೋಗಿದ್ದಾರೆ" ಎಂದಿತು.

ಚಿಟಕ ಹೊಳೆಗೆ ಓಡಿತು. ಕೆಂಪು ನೀರು ದಡ ಮೀರಿ ಹರಿಯುತ್ತಿತ್ತು. ದೊಡ್ಡ ಮರಗಳೇ ಬೇರು ಸಹಿತ ತೇಲಿ ಹೋಗುತ್ತಿದ್ದವು. ಆಚೆ ದಡದಲ್ಲಿ ಬೆಟ್ಟಪ್ಪ ಕಾಣಿಸಿತು. ಚಿಟಕನನ್ನು ಕಂಡು ಅದು ನೀರಿಗೆ ಕಾಲಿಟ್ಟಿತು. ಆದರೆ ಪ್ರವಾಹ ಅಂಥ ಆನೆಯನ್ನೂ ಹಿಂದಕ್ಕೆ ತಳ್ಳಿತು.

"ಅಜ್ಜ, ನನ್ನ ಬೀಜಗಳು ಎಲ್ಲಿವೆ?" ಎಂದು ಚಿಟಕ ಗಂಟಲು ಹರಿಯುವಂತೆ ಕೂಗಿತು.

ಬೆಟ್ಟಪ್ಪ ಸೊಂಡಿಲೆತ್ತಿ ಏನೋ ಹೇಳಿತು. ಹೊಳೆಯ ಮೊರೆತದಲ್ಲಿ ಈಚೆಗೆ ತೇಲಿ ಬಂದದ್ದು ಒಂದೇ ಮಾತು: "...ಬುಡ. ...ಬುಡ."

ಕಾಡಿನಲ್ಲಿ ಬುಡವಿಲ್ಲದ ಮರ ಯಾವುದಿದೆ, ಹೇಳಿ?

ಪಾಪ, ಚಿಟಕ ಸಿಕ್ಕಿದ ಮರದ ಬುಡವನ್ನೆಲ್ಲ ಕೆದಕಿತು. ಒಂದು ಕಡೆ ಕಪ್ಪೆ ಹಾರಿತು. ಇನ್ನೊಂದು ಕಡೆ ಮುಂಗುಸಿ ತಲೆ ಹೊರಗೆ ಹಾಕಿ, "ನನ್ನ ಮನೆಯ ಸೂರನ್ನೇ ಕಿತ್ತೆಯಲ್ಲೋ" ಎಂದು ಅಟ್ಟಿಸಿಕೊಂಡು ಬಂತು. ಬೀಜ ಮಾತ್ರ ಒಂದೂ ಸಿಗಲಿಲ್ಲ. ಮುಖದ ತುಂಬ ಕೆಸರು ಮೆತ್ತಿಕೊಂಡು ಚಿಟಕ ಮನೆಗೆ ಬಂದಾಗ ಮರಿಗಳು ಅಳುವುದನ್ನೂ ನಿಲ್ಲಿಸಿ ಸುಮ್ಮನೆ ಮಲಗಿದ್ದವು.

ಗೆಜ್ಜಿ ಬೈಯಲಿಲ್ಲ. "ಕೆಳಗೆ ಹೋಗಿ ಕಂಟಮ್ಮಕ್ಕನನ್ನು ಕೇಳಿ" ಎಂದಿತು ಅಷ್ಟೆ.

ನಕ್ಕ ಬಾಯಲ್ಲಿ ಬೇಡುವುದು ಸುಲಭವಲ್ಲ. ಚಿಟಕ ಬಿಲದ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, "ಅಕ್ಕ, ನಾನು ದಡ್ಡತನ ಮಾಡಿದೆ. ಮರಿಗಳು ಹಸಿದಿವೆ" ಎಂದಿತು.

ಕಂಟಮ್ಮ ಮಳೆಯಲ್ಲೇ ಹೊರಟಿತು. ನೇರವಾಗಿ ಹೋಗಿ ಒಂದು ಕಡೆ ನೆಲ ಅಗೆದು ಗೆಣಸು ತೆಗೆಯಿತು. "ಮಕ್ಕಳು ತಿನ್ನಲಿ ಮೊದಲು. ಮಾತು ಆಮೇಲೆ ಆಡೋಣ" ಎಂದಿತು.

ಮಳೆ ನಿಲ್ಲುವವರೆಗೂ ಎರಡೂ ಸಂಸಾರಗಳು ಆ ಗೆಣಸನ್ನೇ ಹಂಚಿಕೊಂಡು ತಿಂದವು. ಮರಿಗಳು ಮತ್ತೆ ಗಲಾಟೆ ಶುರು ಮಾಡಿ, ಕಂಟಮ್ಮನ ಬೆನ್ನಿನ ಮುಳ್ಳುಗಳ ಮೇಲೆ ಎಲೆ ಸಿಕ್ಕಿಸಿ ಆಡಿದವು.

ಹೊಳೆ ಇಳಿದ ದಿನವೇ ಬೆಟ್ಟಪ್ಪ ದಾಟಿ ಬಂತು. ಬಂದದ್ದೇ ಚಿಟಕನ ಮರದ ಕೆಳಗೆ ನಿಂತು ಎಲ್ಲ ಜಾಗಗಳನ್ನೂ ಹೇಳತೊಡಗಿತು. ಒಂದೂ ತಪ್ಪಿರಲಿಲ್ಲ.

"ಸ್ವಲ್ಪ ನಿಧಾನವಾಗಿ ಹೇಳಿ ಅಜ್ಜ, ನಾನೂ ಕಲಿತುಕೊಳ್ಳುತ್ತೇನೆ" ಎಂದಿತು ಚಿಟಕ.

ಬೆಟ್ಟಪ್ಪನ ಮುಖ ಸಣ್ಣದಾಯಿತು. "ಯಾಕಪ್ಪ? ನನ್ನ ಮೇಲೆ ನಂಬಿಕೆ ಹೋಯಿತೇ?"

"ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ ಅಜ್ಜ. ಹೊಳೆಯ ಮೇಲಿಲ್ಲ."

ಬೆಟ್ಟಪ್ಪ ಹೊಟ್ಟೆ ಕುಣಿಯುವಂತೆ ನಕ್ಕು, ಮೊದಲಿನಿಂದ ನಿಧಾನವಾಗಿ ಹೇಳಿಕೊಡಲು ಶುರು ಮಾಡಿತು.

ನೀತಿ: ಎಷ್ಟೇ ದೊಡ್ಡವರ ಬಳಿ ಇಟ್ಟರೂ, ಬದುಕಿಗೆ ಬೇಕಾದ್ದರ ಒಂದು ಪಾಲು ನಮ್ಮ ಕೈಯಲ್ಲೂ ಇರಬೇಕು.