ದೀಪದ ಮಾರಿ ಯಾರ ಕಡೆ

ಕಂಬಕ್ಕೆ ಸೋಲಾರ್ ದೀಪ ಕೂರಿಸುವ ಹೆಂಗಸು ದಾರಿ ತಪ್ಪಿ, ಸುತ್ತಿ ಸುತ್ತಿ ಮತ್ತೆ ಅದೇ ಮಿರ್ಚಿ ಬಂಡಿಯ ಮುಂದೆ ಬಂದಳು. ಕತ್ತಲಾಗುವ ಮೊದಲು ಇಲ್ಲಿನ ಕೆಲಸ ಮುಗಿಸಿ ಮುಂದಿನ ಊರು ಮುಟ್ಟಬೇಕಿತ್ತು.

"ಯವ್ವಾ, ಮೆಂಬರ ಮನಿ ಮುಂದಿನ ಕಂಬ ಎಲ್ಲೈತಿ?"

"ನೀ ಒರಗಿದ್ದs ಕಂಬ," ಎಂದಳು ಬಂಡಿಯ ಹುಲಿಗೆಮ್ಮ. ನಕ್ಕು, ಬಿಸಿ ಮಿರ್ಚಿ ಕೊಟ್ಟಳು. "ರೊಕ್ಕ ಬ್ಯಾಡ. ಬಾಡಿಗಿ ಬ್ಯಾಟರಿ ದೀಪಕ್ಕs ನನ್ನ ಲಾಭೆಲ್ಲ ಹೋಗ್ತೈತಿ. ನಿನ್ನ ದೀಪದ ಮಾರಿ ಬಂಡಿ ಕಡೆ ತಿರುಗಿರಲಿ."

ಸೋಲಾರ್ ಅಗ್ಗವಾಗಿ ಆ ಊರಿಗೂ ದೀಪ ಬಂದಿತ್ತು, ಆದರೆ ಒಂದೇ ಒಂದು. ಎದುರು ಮನೆಯ ಪಂಚಾಯ್ತಿ ಮೆಂಬರು ವೀರನಗೌಡರು ಮೀಸೆ ತಿರುವುತ್ತ ಬಂದರು.

"ನನ್ನ ಗೇಟಿನ ಕಡೆ ತಿರುಗಿಸು. ಇಲ್ಲಾಂದ್ರ ಬಿಲ್ಲಿಗೆ ಸಹಿ ಇಲ್ಲ."

"ಆಗ್ಲಿ ಗೌಡ್ರ. ಆದ್ರ ಇದು ಕತ್ತಲಿದ್ರಷ್ಟs ಹತ್ತೂದು. ನಿಮ್ಮ ಹೆಸರಿನ ಬೋರ್ಡಿನ ಝಗಮಗ ಕಂಡ್ರ ಹಗಲs ಅಂತ ಮಲಗಿಬಿಡ್ತೈತಿ. ಬೋರ್ಡು ಆರಿಸಿಬಿಡ್ರಿ."

ಗೌಡರು ಗೇಟಿನ ಮೇಲಿನ ಬೋರ್ಡು ನೋಡಿದರು. ಬಣ್ಣದ ಬಲ್ಬುಗಳಲ್ಲಿ ಅವರ ಹೆಸರು ಕುಣಿಯುತ್ತಿತ್ತು.

"ನನ್ನ ಹೆಸರು ಕತ್ತಲಾಗ ಇರಬೇಕೇನು? ಆ ಮಿರ್ಚಿ ಕಡೆ ತಿರುಗಿಸು ಅದನ್ನ!"

ಸಹಿ ಬಿತ್ತು. ಹೊತ್ತು ಮುಳುಗಿತು. ಬಂಡಿಯ ಮೇಲೆ ಬೆಳಕು ಸುರಿಯಿತು. ಹುಲಿಗೆಮ್ಮ ಬಾಡಿಗೆ ದೀಪದವನನ್ನು ವಾಪಸು ಕಳಿಸಿ, ಇನ್ನೊಂದು ಮಿರ್ಚಿ ಚಾಚಿದಳು.

ದೀಪದ ಹೆಂಗಸು ಆಗಲೇ ಬ್ಯಾಗು ಹೆಗಲಿಗೇರಿಸಿದ್ದಳು. "ಬ್ಯಾಡ ಯವ್ವಾ. ಒಂದರ ಋಣ ಈಗಷ್ಟs ತೀರೈತಿ!"