ಬಟ್ಟಲಿನ ಸಾರು

"ಗುರುಗಳೇ, ನನ್ನ ಪ್ರೋಗ್ರಾಮಿನಲ್ಲಿ ಒಂದು ಫಂಕ್ಷನ್ ಬರೆದು, ಅದರ ಒಳಗೆ 'ಎಕ್ಸ್'ನ ಬೆಲೆಯನ್ನು ಐದರಿಂದ ಹತ್ತಕ್ಕೆ ಬದಲಿಸಿದೆ. ಒಳಗೆ ಹತ್ತೆಂದೇ ತೋರಿಸಿತು. ಹೊರಗೆ ಬಂದು ನೋಡಿದರೆ ಹಳೆಯ ಐದೇ ಕೂತಿದೆ. ನಾನು ಬರೆದದ್ದರಲ್ಲಿ ತಪ್ಪಿಲ್ಲ. ಈ ಆರ್ ಎಂಬ ಕಂಪ್ಯೂಟರ್ ಭಾಷೆಯೇ ಸರಿಯಿಲ್ಲ, ಅಲ್ಲವೇ?" ಎಂದು ಸಂಖ್ಯಾಶಾಸ್ತ್ರ ಕಲಿಯುತ್ತಿದ್ದ ಶಿಷ್ಯ ಕೇಳಿದ.

ಗುರುಗಳು ಕಂಪ್ಯೂಟರಿನತ್ತ ನೋಡಲಿಲ್ಲ. ಹೇಳಿದರು:

ಒಬ್ಬ ಅಡುಗೆಭಟ್ಟನಿದ್ದ. ಅವನು ಅಡುಗೆ ಮಾಡಿದ ಮದುವೆಗಳಲ್ಲಿ ಎಲೆಯ ತುದಿಗೆ ಉಪ್ಪು ಬಡಿಸುವಂತಿರಲಿಲ್ಲ. ನಾನು ಹಾಕಿದ ಮೇಲೆ ಇನ್ನೊಬ್ಬರು ಹಾಕುವುದೇನಿದೆ ಎನ್ನುತ್ತಿದ್ದ. ಮೂವತ್ತು ವರ್ಷ ಯಾರೂ ಕೇಳಲೂ ಇಲ್ಲ. ಅವನ ಹೆಸರು ನಿಂತದ್ದೇ ಇದರ ಮೇಲೆ.

ಒಂದು ಮದುವೆಯಲ್ಲಿ ಐನೂರು ಎಲೆ. ಕೊಪ್ಪರಿಗೆಯ ಸಾರಿಗೆ ಇನ್ನೂ ಉಪ್ಪು ಬಿದ್ದಿರಲಿಲ್ಲ. ಹದ ನೋಡಲೆಂದು ಭಟ್ಟ ಒಂದು ಸೌಟು ಸಾರನ್ನು ಬಟ್ಟಲಿಗೆ ಬಗ್ಗಿಸಿಕೊಂಡ. ಬಟ್ಟಲಿಗೆ ಚಿಟಿಕೆ ಉಪ್ಪು ಹಾಕಿ ರುಚಿ ನೋಡಿದ. ಇನ್ನೊಂದು ಚಿಟಿಕೆ ಹಾಕಿದ. ತನಗೆ ತಾನೇ ತಲೆದೂಗಿದ. "ಸಾರು ಆಯ್ತು, ಬಡಿಸ್ರೋ" ಎಂದ.

ಬಟ್ಟಲಿನಲ್ಲಿದ್ದದ್ದೂ ಸಾರು, ಕೊಪ್ಪರಿಗೆಯಲ್ಲಿದ್ದದ್ದೂ ಸಾರು. ಅವನು ಹೊಗಳಿದ್ದು ಒಂದನ್ನು. ಬಡಿಸುವವರು ಹೊತ್ತದ್ದು ಇನ್ನೊಂದನ್ನು.

ಬಡಿಸುವವನೊಬ್ಬ ಓಡಿಬಂದ. "ಭಟ್ಟರೇ, ಪಂಕ್ತಿಯಲ್ಲಿ ಉಪ್ಪು ಕೇಳ್ತಿದ್ದಾರೆ."

"ಯಾವನಯ್ಯಾ ಅವನು, ನಾಲಿಗೆ ಸತ್ತವನು?"

"ಐನೂರು ಜನ, ಭಟ್ಟರೇ."

ಭಟ್ಟ ಬಟ್ಟಲನ್ನೆತ್ತಿ ಉಳಿದದ್ದನ್ನು ಕುಡಿದ. ಹದವಾಗಿಯೇ ಇತ್ತು. ಬೀಗರ ಕಡೆಯವರು ಬೇಕೆಂದೇ ಅವಮಾನ ಮಾಡುತ್ತಿದ್ದಾರೆ ಎಂದು ಕೂಗಾಡಿದ. ಮದುವೆಮನೆಯ ಯಜಮಾನ ವಾದ ಮಾಡಲಿಲ್ಲ. ಕೊಪ್ಪರಿಗೆಯಿಂದ ಒಂದು ಸೌಟು ತೆಗೆದು ಅವನ ಅಂಗೈಗೆ ನಾಲ್ಕು ಹನಿ ಹಾಕಿದ. ಭಟ್ಟ ನೆಕ್ಕಿ ನೋಡಿದ. ಅಂದು ಪಂಕ್ತಿಯಲ್ಲಿ ಮೊದಲ ಸಲ ಉಪ್ಪು ಬಡಿಸಿದರು. ಬಡಿಸಿದವನು ಭಟ್ಟನೇ.

ಶಿಷ್ಯ ನಕ್ಕ. ತನಗೆ ಅರ್ಥವಾಯಿತು ಎಂಬ ಹೆಮ್ಮೆ ಮುಖದಲ್ಲಿತ್ತು. "ಅಂದರೆ ಫಂಕ್ಷನ್ ಎಂಬುದು ಬಟ್ಟಲು. ಒಳಗಿನದು ಬೇಕಾದರೆ ನಾವೇ ಕೇಳಿ ಹೊರಗೆ ತರಬೇಕು. ಆದರೂ ಗುರುಗಳೇ, ಇಷ್ಟೆಲ್ಲ ಯಾಕೆ? ಒಳಗಿನಿಂದಲೇ ನೇರ ಕೊಪ್ಪರಿಗೆಗೆ ಉಪ್ಪು ಹಾಕುವ ಉಪಾಯ ಈ ಭಾಷೆಯಲ್ಲಿ ಇಲ್ಲವೇ?"

"ಇದೆ," ಎಂದರು ಗುರುಗಳು, "ಒಮ್ಮೆಯೂ ರುಚಿ ನೋಡದೆ ಐನೂರು ಜನಕ್ಕೆ ಉಪ್ಪು ಹಾಕುವ ಕೈ ನಿನ್ನದಾಗಿದ್ದರೆ."