ಹಗ್ಗ ಬಿಡುವ ಗುಂಡಿ

ಸೋಫಾ ಮೇಲೆ ಟೀವಿ ರಿಮೋಟಿಗೂ ಆಟದ ಜಾಯ್‌ಸ್ಟಿಕ್ಕಿಗೂ ಜಗಳ ಹತ್ತಿತ್ತು. ಆಟ ನೋಡಿ ತಮ್ಮ ಕಣ್ಣಲ್ಲಿ ಒಂದು ಹನಿ ನೀರು ಬಂದರೆ ಸಂಜೆಯ ಟೀವಿ ಮೊಮ್ಮಗಳು ಇಂಚರಾಗೆ, ಬರದಿದ್ದರೆ ತಮಗೆ ಎಂದು ಕಮಲಾಕ್ಷಮ್ಮ ಪಂಥ ಕಟ್ಟಿದ್ದರು.

"ನನ್ನ ಸಿನಿಮಾ ನೋಡಿದರೆ ಅಜ್ಜಿಯ ಸೆರಗು ಹಿಂಡಬೇಕು. ನಿನ್ನನ್ನು ಹಿಡಿದವರ ಅಂಗೈ ಬೆವರುತ್ತೆ, ಅಷ್ಟೇ," ಅಂದಿತು ರಿಮೋಟು.

"ಬೆವರೂ ಉಪ್ಪೇ ಅಲ್ವೇನಣ್ಣ," ಅಂದಿತು ಜಾಯ್‌ಸ್ಟಿಕ್ಕು.

ಆಟದಲ್ಲಿ ಸೇತುವೆ ಮುರಿದು, ಸವಾರನ ಕೈಯ ಹಗ್ಗದಲ್ಲಿ ಅವನ ಕುದುರೆ ನೇತಾಡುತ್ತಿತ್ತು. ಹಗ್ಗ ಬಿಟ್ಟರೆ ಮಾತ್ರ ಅವನು ಉಳಿಯುತ್ತಾನೆ. ಇಂಚರಾ ಗುಂಡಿ ಒತ್ತಲಾರದೆ ಕೂತಳು.

"ಬೊಂಬೆ ಕುದುರೆಗೆ ಇಷ್ಟೊಂದು ನಾಟಕವಾ? ಕೊಡು ಇಲ್ಲಿ," ಎಂದು ಅಜ್ಜಿ ಜಾಯ್‌ಸ್ಟಿಕ್ಕನ್ನು ಕಸಿದುಕೊಂಡರು. ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಕುದುರೆ ಕತ್ತೆತ್ತಿ ನೋಡಿತು. ಬೆರಳು ಅಲ್ಲೇ ನಿಂತಿತು.

ಸಿನಿಮಾದ ಹೊತ್ತು ಬಂತು, ದಾಟಿಯೂ ಹೋಯಿತು. ರಿಮೋಟು ಅಜ್ಜಿಯ ಕಣ್ಣನ್ನು ಇಣುಕಿ ನೋಡಿತು. ಒಣಗಿತ್ತು. ಗೆದ್ದೆ ಎಂದುಕೊಂಡಿತು.

"ಅಳು ಬರಲಿಲ್ಲವಲ್ಲ, ನಾನೇ ಸೋತೆ ಬಿಡಿ ಅಜ್ಜಿ," ಅಂದಳು ಇಂಚರಾ.

"ಸಿನಿಮಾದಲ್ಲಿ ಸತ್ತೋರಿಗೆಲ್ಲ ಅತ್ತಿದೀನಿ ಕಣೆ. ನೀನೇ ಸಾಯಿಸು ಅಂತ ಯಾವ ಸಿನಿಮಾನೂ ನನಗೆ ಹೇಳಿರಲಿಲ್ಲ," ಅಂದರು ಅಜ್ಜಿ. "ಟೀವಿ ನೀನೇ ಇಟ್ಕೊ. ಈ ಕುದುರೇನ ಏನು ಮಾಡೋದು, ಅದು ಹೇಳು."